ಅಣ್ಣ ಉಣ್ಣದೆ ಉಳಿಸಿದ ಉಪ್ಪು

ಪ್ರಶ್ನೆ: ನಾನು ಉಡುಪಿಯಲ್ಲಿ ದೃಶ್ಯಕಲೆ ಓದುತ್ತಿರುವ ಕೊನೆಯ ವರ್ಷದ ವಿದ್ಯಾರ್ಥಿನಿ. ಜಪಾನಿನ ಮೊತೊಯಿ ಯಮಾಮೊಟೊ ಎಂಬ ಕಲಾವಿದರು ತೀರಿಹೋದ ತಂಗಿಯ ನೆನಪಿನಲ್ಲಿ ನೆಲದ ಮೇಲೆ ಉಪ್ಪಿನಿಂದ ಬಿಡಿಸುವ ಚಿತ್ರಗಳನ್ನು ನೋಡಿದ ಮೇಲೆ ನನಗೂ ಅಂಥದ್ದೊಂದನ್ನು ವರ್ಷಾಂತ್ಯದ ಪ್ರದರ್ಶನಕ್ಕೆ ಮಾಡಬೇಕೆನಿಸಿದೆ. ನನ್ನ ಅಣ್ಣ ಕಿಡ್ನಿ ಕಾಯಿಲೆಯಿಂದ ಕಳೆದ ವರ್ಷ ತೀರಿಕೊಂಡ. ಕೊನೆಯ ಎರಡು ವರ್ಷ ಅವನಿಗೆ ಉಪ್ಪು ಕೂಡದು ಎಂದಿದ್ದರು. ಮನೆಯಲ್ಲಿ ಎಲ್ಲರೂ ಅವನ ಜೊತೆ ಸಪ್ಪೆ ಊಟವನ್ನೇ ಮಾಡುತ್ತಿದ್ದೆವು. ಅಮ್ಮ ಈಗಲೂ ಸಾರಿಗೆ ಉಪ್ಪು ಹಾಕಲು ಹಿಂಜರಿಯುತ್ತಾರೆ. ಗೈಡ್ ಸರ್ ನನ್ನ ಯೋಚನೆಗೆ ಒಪ್ಪಿದ್ದಾರೆ. ಆದರೆ "ಬರೀ ದುಃಖ ಆಗ್ತದೆ, ಮಧ್ಯದಲ್ಲಿ ಒಂದು ಚಿಗುರು ಇಡು, ಭರವಸೆ ಕಾಣಬೇಕು" ಎನ್ನುತ್ತಾರೆ. ಗೆಳತಿಯರು ಇದು ಕಾಪಿ ಎನ್ನುತ್ತಾರೆ. ಯಮಾಮೊಟೊ ಅವರ ಬಗ್ಗೆ ಬರೆದವರೆಲ್ಲ "ನಶ್ವರತೆ ಮತ್ತು ಭರವಸೆ" ಎಂದು ಬರೆಯುತ್ತಾರೆ. ನಶ್ವರತೆ ನನಗೆ ಕಾಣುತ್ತದೆ. ಭರವಸೆ ಎಲ್ಲಿದೆ?

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಕೇಳಿದ್ದಕ್ಕೆ ಉತ್ತರ ನಿಮ್ಮ ಪತ್ರದ ನಡುವೆಯೇ, ನೀವು ಬರೆದು ದಾಟಿಹೋದ ಒಂದು ಸಾಲಿನಲ್ಲಿ ಇದೆ ಎಂದು ನನಗೆ ಅನಿಸುತ್ತದೆ. ಆ ಸಾಲಿಗೆ ಆಮೇಲೆ ಬರುತ್ತೇನೆ. ಮೊದಲು ಯಮಾಮೊಟೊ ಅವರು ಉಪ್ಪಿಗೆ ಹೇಗೆ ಬಂದರು ಎಂಬುದನ್ನು ನೋಡೋಣ. ಯಾಕೆಂದರೆ ಫೋಟೋಗಳಲ್ಲಿ ಸಿಗುವುದು ಅವರ ಕೆಲಸದ ಒಂದು ತುಣುಕು ಮಾತ್ರ.

ಅವರು 1966ರಲ್ಲಿ ಹಿರೋಷಿಮಾ ಪ್ರಾಂತ್ಯದ ಒನೊಮಿಚಿ ಎಂಬ ಕಡಲತೀರದ ಊರಿನಲ್ಲಿ ಹುಟ್ಟಿದವರು. ಕನಜಾವಾ ನಗರದಲ್ಲಿ ಕಲೆ ಓದಿದರು. 1994ರಲ್ಲಿ ಅವರ ತಂಗಿ ಮೆದುಳಿನ ಕ್ಯಾನ್ಸರಿನಿಂದ ತೀರಿಕೊಂಡರು, ಆಗ ಆಕೆಗೆ 24 ವರ್ಷ. ಜಪಾನಿನಲ್ಲಿ ಸಾವಿನ ಮನೆಗೆ ಹೋಗಿ ಬಂದವರು ಹೊಸಿಲು ದಾಟುವ ಮೊದಲು ಮೈಮೇಲೆ ಒಂದು ಚಿಟಿಕೆ ಉಪ್ಪು ಎರಚಿಕೊಳ್ಳುವ ಪದ್ಧತಿ ಉಂಟು. ಸುಮೋ ಜಟ್ಟಿಗಳು ಕಣಕ್ಕಿಳಿಯುವಾಗ ಉಪ್ಪು ಎಸೆಯುವುದನ್ನು ನೀವು ಟಿವಿಯಲ್ಲಿ ನೋಡಿರಬಹುದು, ಅದೂ ಶುದ್ಧಿಗಾಗಿಯೇ. ತಂಗಿಯ ಸಾವಿನ ಸುತ್ತ ಇದ್ದ ವಸ್ತು ಉಪ್ಪು. ಅವರು ಅದನ್ನೇ ಕೈಗೆತ್ತಿಕೊಂಡರು. ಮೊದಮೊದಲು ಉಪ್ಪಿನಲ್ಲಿ ಮೆದುಳಿನ ಆಕಾರ ಮಾಡಿದರು. ಆಮೇಲೆ ಉಪ್ಪನ್ನು ಇಟ್ಟಿಗೆಯಂತೆ ಗಟ್ಟಿ ಮಾಡಿ ಮೆಟ್ಟಿಲು ಕಟ್ಟಿದರು. ಹತ್ತಿಕೊಂಡು ಹೋಗಲಾಗದ, ನಡುವೆಯೇ ಕುಸಿದುಬಿದ್ದಿರುವ ಮೆಟ್ಟಿಲು ಅದು. ನೀವು ನೋಡಿದ ಚಕ್ರವ್ಯೂಹದಂಥ ಗೆರೆಗಳು, ಸುಳಿಗಾಳಿಯಂತೆ ಸುತ್ತಿಕೊಂಡ ನೊರೆಯ ಚಿತ್ರಗಳು ಇವೆಲ್ಲ ಆಮೇಲಿನವು.

ಈ ಕ್ರಮವನ್ನು ಗಮನಿಸಿ. ತಂಗಿಯನ್ನು ಕೊಂದ ರೋಗದ ಜಾಗದಿಂದಲೇ ಅವರು ಶುರುಮಾಡಿದರು. ಮೆದುಳು, ಮುರಿದ ಮೆಟ್ಟಿಲು, ಅಲ್ಲಿಂದ ನೆಲದ ಮೇಲಿನ ಗೆರೆ. ಕೆಲಸ ಮುಂದೆ ಹೋದಂತೆ ಸಾವಿನ ಚಿತ್ರ ಕರಗುತ್ತ ಬಂತು, ಕೈಯ ಚಲನೆ ಉಳಿಯಿತು. ಪ್ಲಾಸ್ಟಿಕ್ ಬಾಟಲಿಯ ಮೂತಿಯಿಂದ ಉಪ್ಪು ಬಿಡುತ್ತ, ನೆಲದ ಮೇಲೆ ಕೂತು, ದಿನವಿಡೀ, ಎಷ್ಟೋ ದಿನ ಅವರು ಗೆರೆ ಎಳೆಯುತ್ತಾರೆ. ಕೈ ಸ್ವಲ್ಪ ನಡುಗಿದರೆ ಗೆರೆ ಸೊಟ್ಟಗಾಗುತ್ತದೆ, ಅದನ್ನು ಅವರು ತಿದ್ದಲು ಹೋಗುವುದಿಲ್ಲ. ಮರೆತುಹೋಗುತ್ತಿರುವ ತಂಗಿಯ ನೆನಪಿನ ಜಾಡು ಹಿಡಿದು ಹೋಗುವ ಹಾಗೆ ಈ ಕೆಲಸ ಎಂಬ ಅರ್ಥದ ಮಾತನ್ನು ಅವರು ಹೇಳಿಕೊಂಡಿದ್ದಾರೆ.

ಇಲ್ಲಿ ಒಂದು ಶಬ್ದದ ಬಗ್ಗೆ ನನಗೆ ತಕರಾರಿದೆ. "ನಶ್ವರತೆ" ಎಂದು ನೀವು ಬರೆದಿದ್ದೀರಿ, ಕನ್ನಡದ ಕಲಾ ಬರಹಗಳಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ. ನಶ್ವರ ಎಂದ ಕೂಡಲೇ ಎಲ್ಲವೂ ಹೋಗುವುದೇ ಬಿಡು ಎಂಬ ವೇದಾಂತ ಬಂದು ಕೂರುತ್ತದೆ, ಮನಸ್ಸು ಕೈಚೆಲ್ಲುತ್ತದೆ. ಉಪ್ಪಿನ ಗೆರೆಗೆ ಒಪ್ಪುವ ಶಬ್ದ "ನಾಜೂಕು". ನಾಜೂಕಾದದ್ದು ಇನ್ನೂ ಹೋಗಿಲ್ಲ. ಇಲ್ಲೇ ಇದೆ, ಕೈತಪ್ಪಿದರೆ ಹೋಗುತ್ತದೆ. ಹಸುಗೂಸಿನ ನೆತ್ತಿ, ಡಯಾಲಿಸಿಸ್ ಮುಗಿಸಿ ಬಂದವನ ನಡಿಗೆ ಇವು ನಾಜೂಕು. ನಾಜೂಕಾದದ್ದರ ಎದುರು ನಾವು ವೇದಾಂತ ಹೇಳುವುದಿಲ್ಲ, ಕೈ ಕೊಡುತ್ತೇವೆ. ಯಮಾಮೊಟೊ ಅವರ ಕೃತಿ ಇರುವ ಕೋಣೆಗೆ ಬಂದವರು ಉಸಿರು ಬಿಗಿಹಿಡಿದು ನಿಲ್ಲುತ್ತಾರಂತೆ. ಒಂದು ಸೀನು ಬಂದರೆ ಎಂಬ ಭಯ. ಪರಿಚಯವಿಲ್ಲದ ಒಬ್ಬಳು ಹುಡುಗಿಯ ನೆನಪಿಗಾಗಿ ಹತ್ತಾರು ಮಂದಿ ಅಷ್ಟು ಜಾಗ್ರತೆಯಿಂದ ಹೆಜ್ಜೆ ಇಡುತ್ತಾರೆ. ಭರವಸೆ ಎಲ್ಲಿದೆ ಎಂದು ಕೇಳಿದಿರಲ್ಲ, ನನ್ನ ಮಟ್ಟಿಗೆ ಅದು ಶುರುವಾಗುವುದು ಅಲ್ಲಿ, ಆ ಹೆಜ್ಜೆಗಳಲ್ಲಿ.

ಅದು ಅಲ್ಲಿಗೇ ನಿಲ್ಲುವುದೂ ಇಲ್ಲ. ಪ್ರದರ್ಶನದ ಕೊನೆಯ ದಿನ ಜನರನ್ನು ಕರೆದು ಆ ಚಿತ್ರವನ್ನು ಕೈಯಾರೆ ಅಳಿಸಲು ಹೇಳುತ್ತಾರೆ. ಬಂದವರು ಉಪ್ಪನ್ನು ಬೊಗಸೆಯಲ್ಲಿ ತುಂಬಿಕೊಂಡು ಸಮುದ್ರಕ್ಕೆ ಒಯ್ಯುತ್ತಾರೆ. ಅಮೆರಿಕದ ಚಾರ್ಲ್‌ಸ್ಟನ್ ಎಂಬ ಬಂದರು ನಗರದ ಹಾಲ್ಸಿ ಸಂಸ್ಥೆಯಲ್ಲಿ 2012ರಲ್ಲಿ ನಡೆದ ಪ್ರದರ್ಶನಕ್ಕೆ "ಸಮುದ್ರಕ್ಕೆ ಮರಳಿ" ಎಂಬ ಅರ್ಥದ ಹೆಸರನ್ನೇ ಇಟ್ಟಿದ್ದರು. ಕಡಲಿನಿಂದ ಬಂದದ್ದು ಕಡಲಿಗೆ ಹೋಯಿತು, ಸರಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಅಣ್ಣನೊಬ್ಬ ಒಂಟಿಯಾಗಿ ಹೊತ್ತಿದ್ದ ಭಾರವನ್ನು ಅಪರಿಚಿತರು ಒಂದೊಂದು ಹಿಡಿ ಹಂಚಿಕೊಂಡು ಹೊರುತ್ತಾರೆ. ಚಿತ್ರ ಮುಗಿದ ಮೇಲೂ ಯಾರಿಗೋ ಮಾಡಲು ಒಂದು ಕೆಲಸ ಉಳಿದಿರುತ್ತದೆ. ಭರವಸೆಯನ್ನು ಅವರು ಬಿಡಿಸಿ ತೋರಿಸಲಿಲ್ಲ, ಬಂದವರ ಕೈಯಿಂದ ಮಾಡಿಸಿದರು.

ಇನ್ನು ನಿಮ್ಮ ಸರ್ ಹೇಳಿದ ಚಿಗುರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ನೋಡಲು ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು ಎಂಬುದು ಒಳ್ಳೆಯ ಮೇಷ್ಟರ ಮಾತು. ಆದರೆ ಬಿರಿದ ನೆಲದಲ್ಲಿ ಎರಡೆಲೆಯ ಚಿಗುರು, ಕತ್ತಲ ಕೋಣೆಯಲ್ಲಿ ಹಣತೆ, ಹಾರುವ ಬಿಳಿ ಪಾರಿವಾಳ ಇವುಗಳನ್ನು ನಾವು ಎಷ್ಟು ಸಲ ನೋಡಿದ್ದೇವೆಂದರೆ ಈಗ ಅವು ಬ್ಯಾಂಕಿನ ಕ್ಯಾಲೆಂಡರಿನಂತೆ ಕಣ್ಣಿಗೆ ಜಾರಿಹೋಗುತ್ತವೆ. ಒಡೆದ ಬೋಗುಣಿಗೆ ಚಿನ್ನದ ಬೆಸುಗೆ ಹಾಕುವ ಜಪಾನಿನ ಕಸುಬಿಗೂ ಈಚೆಗೆ ಅದೇ ಪಾಡಾಗಿದೆ. ಒಳ್ಳೆಯ ಕಸುಬು ಅದು, ಭಾಷಣಕಾರರ ಕೈಗೆ ಸಿಕ್ಕಿ ಸವೆದಿದೆ.

ಹಾಗೆಂದು ಚಿಗುರು ಬೇಡವೇ ಬೇಡ ಎಂದು ನಾನು ಹೇಳಲಾರೆ. ಕೊಲಂಬಿಯಾದ ಡೊರಿಸ್ ಸಾಲ್ಸೆಡೊ ಅವರದು "ಮೌನ ಪ್ರಾರ್ಥನೆ" ಎಂಬ ಅರ್ಥದ ಹೆಸರಿನ ಒಂದು ಕೃತಿಯಿದೆ, 2008ರಿಂದ 2010ರವರೆಗೆ ಮಾಡಿದ್ದು. ಅವರ ದೇಶದಲ್ಲಿ ಸೈನಿಕರು ಬಡ ಹುಡುಗರನ್ನು ಕೊಂದು, ಬಂಡುಕೋರರನ್ನು ಕೊಂದೆವೆಂದು ಲೆಕ್ಕ ತೋರಿಸಿದ್ದರು. ಮಕ್ಕಳನ್ನು ಹುಡುಕುತ್ತ ಅಲೆದ ತಾಯಂದಿರ ಜೊತೆ ಸಾಲ್ಸೆಡೊ ಓಡಾಡಿದರು. ಕೃತಿಯಲ್ಲಿ ಇರುವುದು ಮೇಜುಗಳು ಮಾತ್ರ. ಒಂದರ ಮೇಲೆ ಇನ್ನೊಂದನ್ನು ಬೋರಲಾಗಿ ಇಟ್ಟಿದ್ದಾರೆ, ಉದ್ದ ಅಗಲ ಹೆಚ್ಚುಕಡಿಮೆ ಶವಪೆಟ್ಟಿಗೆಯದು. ಎರಡು ಹಲಗೆಗಳ ನಡುವೆ ಒಂದು ಪದರ ಮಣ್ಣು. ಮೇಲಿನ ಹಲಗೆಯ ಸಣ್ಣ ಸಣ್ಣ ಸಂದುಗಳಿಂದ ಹುಲ್ಲಿನ ಎಳೆಗಳು ಹೊರಗೆ ಬಂದಿವೆ. ಅಂಥ ಮೇಜುಗಳು ಕೋಣೆ ತುಂಬ, ಸಾಲು ಸಾಲಾಗಿ. ಅಲ್ಲಿನ ಚಿಗುರು ನಿಜವಾದದ್ದು. ಅದಕ್ಕೆ ಬೆಳಕು ಬೇಕು, ದಿನಾ ಯಾರಾದರೂ ನೀರು ಕೊಡಬೇಕು. ಕೊಡದಿದ್ದರೆ ಸಾಯುತ್ತದೆ. ಅದು ಹಲಗೆಯ ಸಂದಿನಿಂದ ತಲೆಯೆತ್ತಿ ಬಂದದ್ದು, ಹಲಗೆಯ ಮೇಲೆ ಇಟ್ಟದ್ದಲ್ಲ. ನಿಮ್ಮ ಉಪ್ಪಿನ ನಡುವೆ ಚಿಗುರು ಇಟ್ಟರೆ ಏನಾಗುತ್ತದೆ ಹೇಳಿ. ಉಪ್ಪು ಅದರ ಬೇರಿನ ನೀರನ್ನು ಎಳೆದುಕೊಂಡು ಎರಡು ದಿನದಲ್ಲಿ ಬಾಡಿಸುತ್ತದೆ. ಪ್ಲಾಸ್ಟಿಕ್ ಚಿಗುರು ಇಡಬೇಕಾದೀತು. ಸರ್ ಅವರಿಗೆ ಇದೊಂದು ಕಾರಣ ಹೇಳಿದರೆ ಅವರೇ ನಿಮ್ಮ ಮಾತಿಗೆ ಬರುತ್ತಾರೆ.

"ಕಾಪಿ" ಎಂಬ ಮಾತು. ನೆಲದ ಮೇಲೆ ಹುಡಿಯಲ್ಲಿ ಚಿತ್ರ ಬರೆದು ಅಳಿಸುವುದನ್ನು ಉಡುಪಿಯ ಹುಡುಗಿ ಜಪಾನಿನಿಂದ ಕಲಿಯಬೇಕಾಗಿಲ್ಲ. ನಾಗಮಂಡಲ ನೋಡಿದ್ದೀರಲ್ಲ. ಅರಸಿನದ ಹಳದಿ, ಅರಸಿನಕ್ಕೆ ಸುಣ್ಣ ಸೇರಿಸಿದ ಕೆಂಪು, ಸೊಪ್ಪಿನ ಹುಡಿಯ ಹಸಿರು, ಉಮಿಕರಿಯ ಕಪ್ಪು, ಬಿಳಿ. ಐದು ಬಣ್ಣದಲ್ಲಿ, ಈ ನಾಗಾರಾಧನೆ ನಡೆಸುವ ವೈದ್ಯ ಸಮುದಾಯದವರು ಗಂಟೆಗಟ್ಟಲೆ ಕೂತು ಗಂಟು ಗಂಟಾದ ನಾಗನನ್ನು ಬರೆಯುತ್ತಾರೆ. ರಾತ್ರಿಯಿಡೀ, ನಾಗ ಮೈಮೇಲೆ ಬರುವ ನಾಗಪಾತ್ರಿ ಮತ್ತು ನಾಗಕನ್ನಿಕೆಯ ವೇಷದವರು ಅದರ ಸುತ್ತ ಕುಣಿಯುತ್ತಾರೆ. ಬೆಳಗಾಗುವಾಗ ಮಂಡಲ ಅಳಿದು ಹುಡಿ ನಮ್ಮ ಹಣೆಗೆ ಪ್ರಸಾದವಾಗಿ ಬಂದಿರುತ್ತದೆ. ಭೂತಕೋಲದ ದೈವ ಉಡುವ ತೆಂಗಿನ ಎಳೆಗರಿಯ ಸಿರಿಯೂ ಹಾಗೆಯೇ, ಸಂಜೆಗೆ ಎಳೆ ಎಳೆಯಾಗಿ ಸೀಳಿ ಕಟ್ಟಿದ್ದು ಬೆಳಿಗ್ಗೆ ಬಾಡಿರುತ್ತದೆ. ಮುಂದಿನ ವರ್ಷ ಹೊಸ ಗರಿ ಇಳಿಸಲೇಬೇಕು. ಚಿಕ್ಕಂದಿನಲ್ಲಿ ಮಂಡಲ ಅಳಿಯುವುದನ್ನು ಮೊದಲ ಸಲ ನೋಡಿ ನಾನು ಅತ್ತಿದ್ದೆ. ಅಜ್ಜಿ ನನ್ನ ಅಂಗೈಗೆ ಆ ಹುಡಿ ಹಾಕಿ ಮುಷ್ಟಿ ಮುಚ್ಚಿದ್ದರು. ಇಷ್ಟು ವರ್ಷ ಕಲೆ ಕಲಿಸಿದ ಮೇಲೂ ಅಳಿಸುವ ಕಲೆಯ ಬಗ್ಗೆ ಮಾತಾಡಬೇಕಾದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಮುಷ್ಟಿ.

ಒಂದು ಎಚ್ಚರಿಕೆ. ಇದನ್ನು ಓದಿ ನೀವು ಉಪ್ಪಿನಲ್ಲಿ ನಾಗಮಂಡಲ ಬರೆಯಲು ಹೊರಡಬೇಡಿ. ಅದು ನಂಬಿ ನಡೆಯುವವರದು, ಬರೆಯುವ ಹಕ್ಕು ಮತ್ತು ಹೊಣೆ ಇರುವವರದು. ಗ್ಯಾಲರಿಯ ಅಲಂಕಾರಕ್ಕೆ ಅದನ್ನು ತಂದರೆ ನಿಮ್ಮ ಅಣ್ಣನೂ ಅಲ್ಲಿ ಕಾಣದಾಗುತ್ತಾನೆ. ಯಮಾಮೊಟೊ ಅವರ ಚಕ್ರವ್ಯೂಹವೂ ಬೇಡ. ಅದು ಅವರ ತಂಗಿಯ ದಾರಿ. ಉಪ್ಪು ಯಾರಪ್ಪನ ಸೊತ್ತೂ ಅಲ್ಲ, ಅದನ್ನು ಬಳಸಿದರೆ ಕಾಪಿ ಎನ್ನಲಾಗದು. ಅವರ ಅರ್ಥವನ್ನು ಎತ್ತಿಕೊಂಡರೆ ಮಾತ್ರ ಕಾಪಿಯಾಗುತ್ತದೆ. ನಮ್ಮಲ್ಲಿ ಸಾವಿನ ಮನೆಯಿಂದ ಬಂದವರು ಉಪ್ಪು ಎರಚಿಕೊಳ್ಳುವುದಿಲ್ಲ, ಸ್ನಾನ ಮಾಡುತ್ತೇವೆ. ಹಾಗಾಗಿ ಅಲ್ಲಿನ ಉಪ್ಪು ಆಡುವ ಮಾತನ್ನು ಇಲ್ಲಿನ ಉಪ್ಪು ಆಡುವುದಿಲ್ಲ.

ಇಲ್ಲಿನ ಉಪ್ಪು ಏನು ಹೇಳುತ್ತದೆ? ಈ ಕರಾವಳಿಯಲ್ಲಿ ಉಪ್ಪು ಬಹಳ ಮಾತಾಡಿದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಆಗರಗಳಲ್ಲಿ ಇವತ್ತಿಗೂ ಬಿಸಿಲಿಗೆ ಉಪ್ಪು ಬೆಳೆಯುತ್ತಾರೆ. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಜನ ಇದೇ ಉಪ್ಪಿಗಾಗಿ ಕಾನೂನು ಮುರಿದರು. ಉಪ್ಪಿನ ಋಣ ಎನ್ನುತ್ತೇವೆ. ಮಗುವಿಗೆ ದೃಷ್ಟಿಯಾದರೆ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕುತ್ತೇವೆ. ಎಲೆಯ ಮುಂದೆ ಕೂತಾಗ ಮೂಲೆಗೆ ಮೊದಲು ಬೀಳುವುದು ಉಪ್ಪು. ಇವೆಲ್ಲಕ್ಕಿಂತ ನನಗೆ ಹತ್ತಿರದ್ದು ಭರಣಿಯ ಉಪ್ಪು. ಮೇ ತಿಂಗಳಲ್ಲಿ ಮಾವಿನಕಾಯಿ, ಹಲಸಿನ ಸೊಳೆ ಉಪ್ಪಿನಲ್ಲಿ ಹಾಕಿ ಬಾಯಿಗೆ ಬಟ್ಟೆ ಕಟ್ಟಿಡುತ್ತಿದ್ದರಲ್ಲ. ನಿಮ್ಮ ಮನೆಯಲ್ಲೂ ಉಪ್ಪಿನ ಸೊಳೆ, ತುಳುವಿನ "ಉಪ್ಪಡ್ ಪಚ್ಚಿರ್", ಇದ್ದಿರಬೇಕು. ತುಳುವರ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಮಳೆ ಹಿಡಿದು, ಕಡಲಿಗೆ ದೋಣಿ ಇಳಿಯದೆ, ಗದ್ದೆಯಲ್ಲಿ ಏನೂ ಇಲ್ಲದಾಗ ಆ ಭರಣಿ ತೆರೆಯುತ್ತಿದ್ದರು. ಮುಂದೆ ಬರುವ ಹಸಿವನ್ನು ಮೊದಲೇ ನೆನೆದು ಬೇಸಿಗೆಯಲ್ಲೇ ಎತ್ತಿಟ್ಟ ತುತ್ತು ಅದು. ನಮ್ಮ ಹೆಂಗಸರು ಭರವಸೆಯನ್ನು ಭರಣಿಯಲ್ಲಿ ಹಾಕಿಡುತ್ತಿದ್ದರು, ಅದಕ್ಕೆ ಬೇಕಾಗುತ್ತಿದ್ದುದು ಉಪ್ಪು.

ಈಗ ನಿಮ್ಮ ಆ ಸಾಲು. "ಮನೆಯಲ್ಲಿ ಎಲ್ಲರೂ ಅವನ ಜೊತೆ ಸಪ್ಪೆ ಊಟವನ್ನೇ ಮಾಡುತ್ತಿದ್ದೆವು."

ಒಬ್ಬನ ತಟ್ಟೆ ಬೇರೆಯಾಗಬಾರದೆಂದು ಒಂದು ಮನೆ ಎರಡು ವರ್ಷ ಉಪ್ಪು ಬಿಟ್ಟಿತು. ಕುಚ್ಚಲಕ್ಕಿ ಗಂಜಿಗೆ ಉಪ್ಪಿಲ್ಲದಿದ್ದರೆ ಗಂಟಲಲ್ಲಿ ಇಳಿಯುವುದು ಎಷ್ಟು ಕಷ್ಟ ಎಂದು ಗಂಜಿ ಉಂಡವರಿಗೆ ಗೊತ್ತು. ಯಮಾಮೊಟೊ ಅವರಿಗೆ ಉಪ್ಪು ಎದುರಾದದ್ದು ತಂಗಿ ತೀರಿಕೊಂಡ ಮೇಲೆ, ಸಂಸ್ಕಾರದಲ್ಲಿ. ನಿಮಗೆ ಅದು ಎದುರಾದದ್ದು ಅಣ್ಣ ಬದುಕಿದ್ದಾಗ, ದಿನಕ್ಕೆ ಎರಡು ಮೂರು ಹೊತ್ತು, ಇಲ್ಲದಿರುವಿಕೆಯಾಗಿ. ನಿಮ್ಮ ಕೃತಿಯಲ್ಲಿ ಕಾಣಬೇಕಾದದ್ದು ಆ ಉಣ್ಣದೆ ಉಳಿದ ಉಪ್ಪು. ಅದಕ್ಕೆ ಒಂದು ತೂಕವೂ ಉಂಟು. ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದೇ ಎಂದು ಹಿಡಿದರೂ ಎರಡು ವರ್ಷಕ್ಕೆ, ಅಂದರೆ 730 ದಿನಕ್ಕೆ, ಒಬ್ಬರ ಪಾಲು 3 ಕಿಲೋ 650 ಗ್ರಾಂ. ನಾಲ್ಕು ಮಂದಿಯ ಮನೆಯಾದರೆ ಹದಿನಾಲ್ಕೂವರೆ ಕಿಲೋ ದಾಟುತ್ತದೆ. ನಿಮ್ಮ ಮನೆಯ ಲೆಕ್ಕ ನಿಮಗೇ ಗೊತ್ತು. ಕಣ್ಣಂದಾಜಿಗೆ ಸುರಿಯುವ ಬದಲು ಆ ತೂಕದ ಉಪ್ಪನ್ನು ತನ್ನಿ, ಒಂದು ಗ್ರಾಂ ಹೆಚ್ಚೂ ಬೇಡ.

ತೂಕದಿಂದಲೇ ಕೃತಿ ಮಾಡಿದವರು ನಿಮಗಿಂತ ಮೊದಲು ಒಬ್ಬರಿದ್ದರು, ಅವರ ಬಗ್ಗೆ ತಿಳಿದಿರಲಿ. ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್. ಅವರ ಸಂಗಾತಿ ರಾಸ್ 1991ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಅದೇ ವರ್ಷ ಅವರು ಗ್ಯಾಲರಿಯ ಮೂಲೆಯಲ್ಲಿ ಬಣ್ಣಬಣ್ಣದ ಹೊಳೆಯುವ ಹಾಳೆ ಸುತ್ತಿದ ಮಿಠಾಯಿಗಳ ರಾಶಿ ಹಾಕಿದರು. ಅದರ ತೂಕ 175 ಪೌಂಡು, ಅಂದರೆ ಸುಮಾರು 79 ಕಿಲೋ, ಒಬ್ಬ ಆರೋಗ್ಯವಂತ ಗಂಡಸಿನ ಮೈತೂಕ. ಬಂದವರು ಒಂದೊಂದು ಎತ್ತಿಕೊಂಡು ತಿನ್ನಬಹುದು. ರಾಶಿ ಇಳಿಯುತ್ತದೆ, ರೋಗಿಯ ಮೈ ಇಳಿದ ಹಾಗೆ. ಆಮೇಲೆ ಮತ್ತೆ ತುಂಬಿಸುತ್ತಾರೆ. ಆ ಕಲಾವಿದರೂ 1996ರಲ್ಲಿ ಅದೇ ರೋಗದಿಂದ ಹೋದರು. ರಾಶಿಯನ್ನು ಇವತ್ತಿಗೂ ತುಂಬಿಸುತ್ತಿದ್ದಾರೆ.

ಆಕಾರ ಏನಿರಬೇಕು ಎಂದು ನಾನು ಹೇಳಬಾರದು. ಆದರೂ ಮನಸ್ಸಿಗೆ ಬಂದದ್ದನ್ನು ಬಚ್ಚಿಡಲಾರೆ: 730 ಪುಟ್ಟ ಗುಪ್ಪೆಗಳು, ಒಂದೊಂದರಲ್ಲೂ ಮನೆಯ ಒಬ್ಬೊಬ್ಬರಿಗೆ ಒಂದು ಚಹಾ ಚಮಚದ ಲೆಕ್ಕ, ಒಂದೊಂದೂ ಒಂದು ದಿನ. ಒಂದಕ್ಕೆ ಒಂದು ನಿಮಿಷ ಹಿಡಿದರೆ ಹನ್ನೆರಡು ಗಂಟೆಯ ಕೆಲಸ. ಆ ಹನ್ನೆರಡು ಗಂಟೆ ನೀವು ಅಣ್ಣನ ಜೊತೆ ಕೂತಿರುತ್ತೀರಿ. ಇದು ಇಷ್ಟವಾಗದಿದ್ದರೆ ಬಿಟ್ಟುಬಿಡಿ. ತೂಕವನ್ನು ಮಾತ್ರ ಬಿಡಬೇಡಿ.

ಇನ್ನು ಕೆಲಸದ ಮಾತು. ಮಂಗಳೂರಿನಲ್ಲಿ ಒಮ್ಮೆ ಜೂನ್ ತಿಂಗಳಲ್ಲಿ ನನ್ನ ವಿದ್ಯಾರ್ಥಿಗಳಿಂದ ಉಪ್ಪಿನ ಚಿತ್ರ ಮಾಡಿಸಲು ಹೋಗಿದ್ದೆ. ಸಂಜೆ ಚಂದ ಇತ್ತು, ಬೆಳಿಗ್ಗೆ ಬಂದು ನೋಡಿದರೆ ಗೆರೆಗಳೆಲ್ಲ ನೀರೊಡೆದು ನೆಲ ಹಸಿ. ಗಾಳಿಯ ತೇವಾಂಶ ನೂರಕ್ಕೆ 75 ದಾಟಿದರೆ ಉಪ್ಪು ಗಾಳಿಯ ನೀರನ್ನೇ ಕುಡಿದು ಕರಗತೊಡಗುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಎಷ್ಟೋ ದಿನ 90ರ ಆಸುಪಾಸು ಇರುತ್ತದೆ. ಕಲ್ಲುಪ್ಪಿನಲ್ಲಿ ಬೇರೆ ಲವಣಗಳೂ ಬೆರೆತಿರುವುದರಿಂದ ಅದು ಇನ್ನೂ ಬೇಗ ನೀರು ಬಿಡುತ್ತದೆ. ಪುಡಿ ಉಪ್ಪು ಅದಕ್ಕಿಂತ ಹೆಚ್ಚು ಹೊತ್ತು ಒಣಗಿರುತ್ತದೆ, ಸಲೀಸಾಗಿ ಜಾರುತ್ತದೆ. ಪ್ರದರ್ಶನ ಏಪ್ರಿಲಿನಲ್ಲೇ ಇದ್ದರೂ ನಮ್ಮ ಗಾಳಿ ಒಣಗಾಳಿಯಲ್ಲ. ಹಿಂದಿನ ವಾರ ಅದೇ ಕೋಣೆಯಲ್ಲಿ ಹತ್ತು ಗುಪ್ಪೆ ಇಟ್ಟು ಮೂರು ದಿನ ನೋಡಿ. ಫ್ಯಾನ್ ಹಾಕಬಾರದು ಎಂದು ಬೋರ್ಡ್ ಬರೆದು ಸ್ವಿಚ್ಚಿಗೆ ಟೇಪು ಹಚ್ಚಿ. ಸಿಮೆಂಟ್ ನೆಲದ ಮೇಲೆ ನೇರ ಹಾಕಬೇಡಿ, ನೀರೊಡೆದರೆ ಕಲೆ ಕೂರುತ್ತದೆ, ಹತ್ತಿರದ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಕೆಳಗೊಂದು ದಪ್ಪ ಶೀಟು ಇರಲಿ. ಇಷ್ಟೆಲ್ಲ ಮಾಡಿಯೂ ಕೆಲವು ಗುಪ್ಪೆ ಕರಗಿದರೆ ಹೊಸತು ಇಡಬೇಡಿ. ಎಲ್ಲ ದಿನಗಳೂ ಒಂದೇ ಥರ ನೆನಪಿರುವುದಿಲ್ಲವಲ್ಲ.

ಕೊನೆಯ ದಿನ ಏನು ಮಾಡುವುದು ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿಕೊಳ್ಳಬೇಕು. ಮಲ್ಪೆಗೆ ಒಯ್ದು ಕಡಲಿಗೆ ಬಿಡಬಹುದು, ಅಷ್ಟು ಉಪ್ಪಿನಿಂದ ಕಡಲಿಗೆ ಏನೂ ಆಗುವುದಿಲ್ಲ. ಆದರೆ ಅಣ್ಣನ ಅಸ್ಥಿಯನ್ನೂ ನೀವು ನೀರಿಗೇ ಬಿಟ್ಟಿರುವಿರಾದರೆ, ಮತ್ತೊಮ್ಮೆ ಅಂಥದ್ದೇ ಬೀಳ್ಕೊಡುಗೆ ನಿಮಗೆ ಬೇಕೇ ಎಂದು ಕೇಳಿಕೊಳ್ಳಿ. ಇನ್ನೊಂದು ದಾರಿ ಭರಣಿಯದು. ಗುಪ್ಪೆಗಳನ್ನು ನೆಲದ ಬದಲು ಶುಚಿಯಾದ ಬಾಳೆಲೆ ಕೀತುಗಳ ಮೇಲೆ ಇಟ್ಟು, ಮೇಲಿನಿಂದ ಧೂಳು ಬೀಳದಂತೆ ನೋಡಿಕೊಂಡರೆ ಅದು ಊಟದ ಉಪ್ಪಾಗಿಯೇ ಉಳಿಯುತ್ತದೆ. ಬಂದವರಿಗೆ ಒಂದೊಂದು ಪೊಟ್ಟಣ ಕೊಟ್ಟು ಮನೆಯ ಗಂಜಿಗೆ ಹಾಕಿಕೊಳ್ಳಿ ಎನ್ನಬಹುದು. ಇಲ್ಲವೇ ಅಷ್ಟನ್ನೂ ಮನೆಗೆ ತಂದು ಈ ಬೇಸಿಗೆಯ ಮಾವಿನಕಾಯಿಗೆ ಹಾಕಬಹುದು, ಆಟಿಯಲ್ಲಿ ತೆಗೆಯಲು. ನನ್ನ ಮನಸ್ಸು ಕಡಲಿಗಿಂತ ಈ ಭರಣಿಯ ದಾರಿಗೆ ವಾಲುತ್ತದೆ, ಮುಚ್ಚಿಡುವುದಿಲ್ಲ.

ಇದು ನೀವೊಬ್ಬರೇ ತೀರ್ಮಾನಿಸುವ ಸಂಗತಿಯಲ್ಲ. ಉಪ್ಪು ಕೊಳ್ಳುವ ಮೊದಲು ಅಮ್ಮನ ಹತ್ತಿರ ಕೂತು ಮಾತಾಡಿ. ಆ ಎರಡು ವರ್ಷ ಕೈ ಹಿಡಿದು ಅಡುಗೆ ಮಾಡಿದವರು ಅವರು, ಲೆಕ್ಕ ಅವರ ಕೈಗೇ ಗೊತ್ತಿರುತ್ತದೆ. ಅವರು ಬೇಡ ಎಂದರೆ ಈ ವರ್ಷ ಬೇರೆ ಏನಾದರೂ ಮಾಡಿ, ಮಾರ್ಕು ಹೋದರೆ ಹೋಗಲಿ. ಆಗಲಿ ಎಂದರೆ, ಮೊದಲ ದಿನದ ಗುಪ್ಪೆಯನ್ನು ಅವರ ಕೈಯಿಂದಲೇ ಇಡಿಸಿ.